ತವರಿನ ಹೆಪ್ಪು

“ಗುರುಗಳೇ, ಕಲಿಸುವವರು ಕಲಿಸಿ ಮುಗಿಸಿದ ಮೇಲೂ ಅವರನ್ನು ಇಟ್ಟುಕೊಳ್ಳಬೇಕೇ?” ಎಂದು ಭಾರ್ಗವಿ ಕೇಳಿದಳು.

ಭಾರ್ಗವಿಯದು ಪಂಪ್‌ಸೆಟ್ ರಿಪೇರಿಯ ಕಂಪನಿ. ರೈತ ಫೋನ್ ಮಾಡಿ ಮೋಟಾರಿನ ಸದ್ದು ಕೇಳಿಸಿದರೆ ಸಾಕು, ಕೆಟ್ಟದ್ದು ಏನೆಂದು ಅವಳ ಏಳು ಮಂದಿ ಮೆಕ್ಯಾನಿಕ್‌ಗಳು ಕಿವಿಯಿಂದಲೇ ಹೇಳಿಬಿಡುತ್ತಿದ್ದರು. ಕಂಪನಿ ಎದ್ದು ನಿಂತದ್ದು ಅವರಿಂದ. ಈಗ ಅವರ ತಿಳಿವಳಿಕೆಯನ್ನೆಲ್ಲ ಒಂದು ಯಂತ್ರಕ್ಕೆ ಕಲಿಸಿಯಾಗಿತ್ತು. ಯಂತ್ರ ಒಂದೇ ಸಲಕ್ಕೆ ಸಾವಿರ ಮೋಟಾರುಗಳ ಸದ್ದು ಕೇಳುತ್ತಿತ್ತು. ರಜೆ ಬೇಡುತ್ತಿರಲಿಲ್ಲ, ಟೀ ಕೇಳುತ್ತಿರಲಿಲ್ಲ. ಹೊಸಬರು ಆ ಏಳು ಮಂದಿಯ ಪಕ್ಕ ಕೂತು ಕಲಿಯುವುದನ್ನು ಬಿಟ್ಟು ಯಂತ್ರವನ್ನೇ ಕೇಳುತ್ತಿದ್ದರು. ಜಿಲ್ಲೆಗಳು ಹೆಚ್ಚಿದವು, ಜನ ಹೆಚ್ಚಿದರು, ಲಾಭ ಹೆಚ್ಚಿತು. ಆ ಹಳಬರನ್ನು ಕಳುಹಿಸಿಬಿಡು ಎಂದು ಬಂಡವಾಳ ಹಾಕಿದವರು ಹೇಳಿದ್ದರು. ಪತ್ರಗಳು ಸಿದ್ಧವಾಗಿದ್ದವು, ಅವಳ ಸಹಿಯೊಂದೇ ಬಾಕಿ.

“ಎಲ್ಲವೂ ಬೆಳೆದಿದೆ ಗುರುಗಳೇ. ಆದರೂ ಒಳಗೆ ಏನೋ ಬೇಕು ಬೇಕು ಅನ್ನಿಸುತ್ತದೆ. ಏನು ಎಂದು ತಿಳಿಯುತ್ತಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಮೊಸರು ಮಾರುವ ಹೆಂಗಸೊಬ್ಬಳಿದ್ದಳು. ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಅವಳ ತಾಯಿ ಒಂದು ಕುಡಿಕೆಯಲ್ಲಿ ಮೊಸರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟಿದ್ದಳು. “ದಿನಾ ಇದರಿಂದಲೇ ಹೆಪ್ಪು ಹಾಕು. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬೇಡ. ನಿನ್ನ ಮನೆಯಲ್ಲಿ ಕೆಟ್ಟುಹೋದ ದಿನ ಅವರ ಮನೆಯಲ್ಲಿ ಇರುತ್ತೆ” ಎಂದಿದ್ದಳು.

ಮರುವರ್ಷವೇ ತಾಯಿ ತೀರಿಕೊಂಡಳು. ಮೊಸರು ಮಾತ್ರ ಉಳಿಯಿತು. ಇವತ್ತಿನ ಹಾಲಿಗೆ ನಿನ್ನೆಯ ಮೊಸರು, ನಾಳೆಯ ಹಾಲಿಗೆ ಇವತ್ತಿನದು. ಬೆಳಿಗ್ಗೆ ಮುಚ್ಚಳ ತೆಗೆದರೆ ತಾಯಿಯ ಅಡುಗೆಮನೆಯದೇ ವಾಸನೆ. ಬೇರೆ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ತವರಿಗೆ ಹೋಗಿ ಬಂದರೆ, ಇವಳು ದಿನವೂ ಹೋಗಿ ಬರುತ್ತಿದ್ದಳು.

ಕೇರಿಯವರು ಬಟ್ಟಲು ಹಿಡಿದು ಬರುತ್ತಿದ್ದರು. ಕೊಡುತ್ತಿದ್ದಳು. ಒಂದು ಬೇಸಗೆಯಲ್ಲಿ ಅವಳ ಮೊಸರೇ ಲೋಳೆ ಬಂದು ಕೆಟ್ಟಿತು. ಎದುರುಮನೆಯಾಕೆ ಇವಳಿಂದ ಒಯ್ದ ಹೆಪ್ಪಿನ ಮೊಸರನ್ನೇ ಒಂದು ಚಮಚ ತಂದುಕೊಟ್ಟಳು. ಮಾರನೆಯ ದಿನ ಮುಚ್ಚಳ ತೆಗೆದಾಗ ವಾಸನೆ ಮೊದಲಿನಂತೆಯೇ ಇತ್ತು. ಯಾರೂ ಅದನ್ನು ದೊಡ್ಡ ಉಪಕಾರವೆಂದು ಎಣಿಸಲಿಲ್ಲ.

ಮೊಸರಿಗೆ ಹೆಸರು ಬಂತು. ಒಂದು ಗಡಿಗೆ ಹತ್ತಾಯಿತು, ಹತ್ತು ನೂರಾಯಿತು. ಆಳುಗಳು ಬಂದರು, ಗಾಡಿಗಳು ಬಂದವು. ದೂರದ ಊರಿನವರೂ ಬೇಕೆಂದರು. ಆದರೆ ಆ ಮೊಸರು ಅವಸರದ್ದಲ್ಲ. ಇಡೀ ರಾತ್ರಿ ಬಿಟ್ಟರೇ ಹೆಪ್ಪಾಗುವುದು, ಮೂರನೆಯ ದಿನಕ್ಕೆ ಹುಳಿ. ದೂರದ ದಾರಿಗೆ ಅದು ಒಗ್ಗಲಿಲ್ಲ.

ಆಗ ಒಬ್ಬ ವ್ಯಾಪಾರಿ ಬಂದ. ಅವನ ಬಳಿ ಒಂದು ಪುಡಿಯಿತ್ತು. ಅದನ್ನು ಬೆಳಿಗ್ಗೆ ಹಾಲಿಗೆ ಹಾಕಿದರೆ ಹೊತ್ತು ನೆತ್ತಿಗೇರುವುದರೊಳಗೆ ಗಟ್ಟಿ ಮೊಸರು. ಹದಿನೈದು ದಿನ ಹುಳಿಯಾಗದು.

“ಇನ್ನೊಂದು ಗುಣವಿದೆ,” ಎಂದ ವ್ಯಾಪಾರಿ. “ಈ ಮೊಸರಿನಿಂದ ಯಾರೂ ಮನೆಯಲ್ಲಿ ಹೆಪ್ಪು ಹಾಕಲಾರರು. ಹಾಕಿದರೆ ಹಾಲು ಹಾಲಾಗಿಯೇ ಇರುತ್ತದೆ. ತಿಂದವರು ನಾಳೆ ಮತ್ತೆ ನಿನ್ನ ಅಂಗಡಿಗೇ ಬರಬೇಕು.”

ಅವಳು ಮೂಸಿ ನೋಡಿದಳು. “ವಾಸನೆಯೇ ಇಲ್ಲವಲ್ಲಣ್ಣ ಇದಕ್ಕೆ?”

“ಮೊಸರಿನಲ್ಲಿ ಕಲ್ಲು ಹುಡುಕಬೇಡ ತಾಯಿ,” ಎಂದ.

ಅವಳು ಹುಡುಕಲಿಲ್ಲ. ಪುಡಿಯನ್ನು ಕೊಂಡಳು. ತವರಿನ ಹೆಪ್ಪನ್ನು ಮನೆಯ ಕುಡಿಕೆಯಲ್ಲಿ ತನಗೆ ಮಾತ್ರ ಇಟ್ಟುಕೊಂಡಳು. ಬಟ್ಟಲು ಹಿಡಿದು ಬಂದವರಿಗೆ, “ಅಂಗಡಿಯಲ್ಲಿ ಸಿಗುತ್ತಲ್ಲ” ಎಂದಳು. ಒಂದು ಚಮಚ ಹೆಪ್ಪು ಕೊಟ್ಟರೆ ಒಂದು ಮನೆಯ ಗಿರಾಕಿ ಕೈಬಿಟ್ಟಂತೆ. ವ್ಯಾಪಾರ ಬಲ್ಲವರು ಯಾರೂ ಅವಳದು ತಪ್ಪೆನ್ನಲಾರರು. ಕೇರಿಯವರೂ ಬೇಸರ ಮಾಡಿಕೊಳ್ಳಲಿಲ್ಲ. ಅಂಗಡಿಯಲ್ಲಿ ಗಟ್ಟಿ ಮೊಸರು ಸಿಗುವಾಗ ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕುವ ಉಸಾಬರಿ ಯಾರಿಗೆ ಬೇಕು?

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವಳ ಕೈಗೆ ಕೆಸರಿರಲಿ, ಹಾಲಿನ ಪಸೆಯೂ ತಾಗದೆ ವರ್ಷಗಳು ಕಳೆದವು. ಕುಡಿಕೆಯನ್ನು ಸೊಸೆಗೆ ಒಪ್ಪಿಸಿದ್ದಳು. ಸೊಸೆ ಕೆಟ್ಟವಳಲ್ಲ. ಬೀಗರ ಮನೆಯ ಮದುವೆಗೆಂದು ಮನೆಮಂದಿಯೆಲ್ಲ ಹೋಗಿ ವಾರ ಕಳೆದು ಬಂದಾಗ ಕುಡಿಕೆಯಲ್ಲಿ ಬೂಷ್ಟು ಹಿಡಿದಿತ್ತು. ಸೊಸೆ ತೊಳೆದು ಬೋರಲು ಹಾಕಿದಳು. ಆ ಹೊತ್ತಿಗೆ ಮನೆಯ ಊಟಕ್ಕೂ ಅಂಗಡಿಯ ಮೊಸರೇ ಬರುತ್ತಿತ್ತು; ಅವಳು ಹೇಳಲಿಲ್ಲ, ಅತ್ತೆ ಕೇಳಲಿಲ್ಲ. ಅತ್ತೆಗೆ ಕೇಳಲು ಎರಡು ವರ್ಷ ಬೇಕಾಯಿತು.

ಎರಡನೆಯ ವರ್ಷ ಅತ್ತೆಗೆ ಜ್ವರ ಬಂತು. ಹನ್ನೊಂದು ದಿನ ಮಲಗಿ ಎದ್ದಾಗ ಬಾಯಿ ಕಹಿ. ಚಿಕ್ಕವಳಿದ್ದಾಗ ಜ್ವರ ಬಿಟ್ಟ ದಿನ ತಾಯಿ ಮೆತ್ತಗಿನ ಅನ್ನಕ್ಕೆ ಮೊಸರು ಕಲಸಿ ಕೈತುತ್ತು ಹಾಕುತ್ತಿದ್ದಳು. ಅದು ಬೇಕೆನ್ನಿಸಿತು. ಸೊಸೆ ಅಂಗಡಿಯ ಮೊಸರು ಕಲಸಿ ತಂದಳು. ಬೆಳ್ಳಗಿತ್ತು, ಗಟ್ಟಿಯಾಗಿತ್ತು. ಒಂದು ತುತ್ತು ಬಾಯಿಗಿಟ್ಟವಳು ಅಲ್ಲಿಗೇ ನಿಲ್ಲಿಸಿದಳು.

“ಕುಡಿಕೆಯದ್ದು ಕೊಡಮ್ಮ,” ಎಂದಳು.

ಸೊಸೆ ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದಳು. ಅವಳು ಬೈಯಲಿಲ್ಲ. ಗಟ್ಟಿಯಾಗಿ ಅತ್ತುಬಿಟ್ಟಳು. ತಾಯಿ ಸತ್ತಾಗ ಅಷ್ಟು ಅತ್ತಿರಲಿಲ್ಲ, ಏಕೆಂದರೆ ಆಗ ಮೊಸರಿತ್ತು. ಅವಳಿಗೆ ತಾಯಿ ಈಗ ಸತ್ತಿದ್ದಳು.

ಮಾರನೆಯ ದಿನ ಒಂದು ಬಟ್ಟಲು ಹಿಡಿದು ತಾನೇ ಹೊರಟಳು. ಆಳು ಬೇಡ, ಗಾಡಿ ಬೇಡ ಎಂದಳು. ಎದುರುಮನೆಗೆ ಹೋದಳು. ಹಿಂದಿನ ಕೇರಿಗೆ ಹೋದಳು. ಯಾರು ಯಾರು ತನ್ನಿಂದ ಹೆಪ್ಪು ಒಯ್ದಿದ್ದರೋ ಆ ಮನೆಗಳನ್ನೆಲ್ಲ ನೆನಪಿಸಿಕೊಂಡು ಒಂದೊಂದೇ ಬಾಗಿಲು ತಟ್ಟಿದಳು. ಕಾಲು ಸೋತಾಗ ಜಗಲಿಯ ಮೇಲೆ ಕೂತು, ಎದ್ದು ಮತ್ತೆ ನಡೆದಳು. ಒಂದು ಮನೆಯಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು ಇವಳು ಯಾರೆಂದು ತಿಳಿಯದೆ ನಕ್ಕಳು.

“ಅಯ್ಯೋ ಅಜ್ಜಿ, ಈಗ ಯಾರು ಹೆಪ್ಪು ಹಾಕ್ತಾರೆ? ಅಂಗಡೀಲಿ ಅಷ್ಟು ಒಳ್ಳೆ ಮೊಸರು ಸಿಗುತ್ತಲ್ಲ!”

ಕೊನೆಗೆ ತವರಿಗೆ ಹೋದಳು. ದಾರಿಯುದ್ದಕ್ಕೂ ಅವಳ ಎದೆ ಹಗುರಾಗಿತ್ತು. ಹೆಪ್ಪು ಹೊರಟದ್ದೇ ಆ ಮನೆಯಿಂದ, ಅಲ್ಲಿ ಇಲ್ಲದೆ ಎಲ್ಲಿಗೆ ಹೋಗುತ್ತದೆ? ಅವಳ ತಮ್ಮ ಬಾಗಿಲಿಗೇ ಬಂದು ಒಳಗೆ ಕರೆದುಕೊಂಡ. ತಮ್ಮನ ಹೆಂಡತಿ ಕಾಲಿಗೆ ನೀರು ಕೊಟ್ಟು, ಎಲೆ ಹಾಕಿ ಅನ್ನ ಬಡಿಸಿದಳು. ಆಮೇಲೆ ಮುಚ್ಚಿದ ಹೊಸ ಗಡಿಗೆಯೊಂದನ್ನು ಒಳಗಿನಿಂದ ತಂದು ಇವಳ ಮುಂದೆಯೇ ಬಿಚ್ಚಿದಳು. ಗಡಿಗೆಯ ಮೇಲೆ ಇವಳದೇ ಹೆಸರಿತ್ತು.

“ನಾವು ಬೇರೆಯವರ ಮೊಸರು ಮುಟ್ಟುವುದೇ ಇಲ್ಲ ಅತ್ತಿಗೆ. ಊರಿಗೆಲ್ಲ ಹೇಳ್ತೀವಿ, ಇದು ನಮ್ಮ ಮನೆ ಮಗಳದ್ದು ಅಂತ,” ಎಂದಳು ಅಭಿಮಾನದಿಂದ.

ಅವಳು ಕಲಸಿ ಉಂಡಳು. ಚೆನ್ನಾಗಿದೆ ಎಂದಳು. ತಾಯಿಯ ಒಲೆಯಿದ್ದ ಮೂಲೆಯ ಕಡೆಗೆ ಮಾತ್ರ ಕಣ್ಣೆತ್ತಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಮುಂದುವರಿಯುವುದಿಲ್ಲವೆಂದು ತಿಳಿದಾಗ ಭಾರ್ಗವಿಗೆ ತಡೆಯಲಾಗಲಿಲ್ಲ.

“ಅಷ್ಟು ಮನೆಗಳಲ್ಲಿ ಎಲ್ಲೂ ಉಳಿದಿರಲಿಲ್ಲವೇ ಗುರುಗಳೇ? ಒಂದೇ ಒಂದು ಚಮಚ ಸಾಕಿತ್ತಲ್ಲ!”

“ಸಾಕಿತ್ತು ಮಗಳೇ, ನಿನ್ನ ಹತ್ತಿರ ಇನ್ನೂ ಏಳಿವೆ.”