ಎರಡು ಸಲ ಗುಡಿಸಿದ ಅಂಗಳ

ಹೊಳೆಯ ದಂಡೆಯ ಮೇಲೆ ಅಡವಯ್ಯಜ್ಜನವರ ಸಣ್ಣದೊಂದು ಆಶ್ರಮವಿತ್ತು. ಅದರ ಪಕ್ಕಕ್ಕೇ ಊರಿನ ಶಾಲೆ. ನಡುವೆ ಒಂದು ಬೇಲಿ, ಬೇಲಿಯಲ್ಲೊಂದು ಕಂಡಿ. ಬಾಗಿಲು ಇದ್ದರೂ ಮಕ್ಕಳು ಆ ಕಂಡಿಯಲ್ಲೇ ನುಸುಳಿ ಬರುತ್ತಿದ್ದರು.

ಒಂದು ದಿನ ಫಕೀರೇಶ ಎಂಬ ತರುಣ ಬಂದು, ತನ್ನನ್ನು ಶಿಷ್ಯನನ್ನಾಗಿ ಮಾಡಿಕೊಳ್ಳಬೇಕೆಂದು ಕೇಳಿದ. ಪಟ್ಟಣದ ನರ್ಸರಿಯಲ್ಲಿ ಆರು ವರ್ಷ ದುಡಿದವನು. ಸಸಿ ಹಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಸಂಗತಿ ಅವನಿಗೂ ಚೆನ್ನಾಗಿಯೇ ಗೊತ್ತಿತ್ತು.

ಅಜ್ಜನವರು ಅವನ ಕೈ ಹಿಡಿದು ತಿರುಗಿಸಿ ನೋಡಿದರು. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

"ಶಾಲಿಯೊಳಗ ಒಂದನೇ ಕ್ಲಾಸು, ಎರಡನೇ ಕ್ಲಾಸು ಸೇರಿ ಹತ್ತೊಂಬತ್ತು ಹುಡುಗರು ಅದಾರ," ಎಂದರು. "ಹಿಂದಿನ ಜಾಗಾದಾಗ ಅವರ ಕಡಿಂದ ಒಂದು ತ್ವಾಟ ಮಾಡಸು. ಇನ್ನ ಎರಡೂವರಿ ತಿಂಗಳಿಗೆ ಹುಣ್ಣಿಮಿ ದಾಸೋಹ ಐತಿ. ಊರ ಮಂದಿ ಉಣ್ಣಾಕ ಬರ್ತಾರ. ಅವತ್ತಿನ ಪಲ್ಯೆ ಆ ಹುಡುಗರು ಬೆಳದದ್ದ ಇರಬೇಕು, ಅವರ ಬಡಸಬೇಕು. ಅಷ್ಟಾದ್ರ ನೀ ಇಲ್ಲೇ ಇರು. ಆಗಲಿಲ್ಲಂದ್ರ ನಿನ್ನ ನರ್ಸರಿ ನಿನಗೈತಿ."

ಫಕೀರೇಶನಿಗೆ ಒಳಗೊಳಗೇ ನಗು ಬಂತು. ಶಿಷ್ಯನಾಗಲು ಉಪವಾಸ, ಮೌನ, ಏನೇನೋ ಇರುತ್ತದೆ ಎಂದು ಹೆದರಿಕೊಂಡು ಬಂದಿದ್ದ. ಇದು ಬರೀ ಕಾಯಿಪಲ್ಯದ ಕೆಲಸ.

ಮರುದಿನವೇ ತೋಟದ ಬಳಗ ಶುರುವಾಯಿತು. ಒಬ್ಬೊಬ್ಬರಿಗೆ ನಾಲ್ಕು ಮೊಳದ ಒಂದೊಂದು ಮಡಿ. ಮೆಂತ್ಯ, ಮೂಲಂಗಿ, ರಾಜಗಿರಿ, ಬೆಂಡೆ ಬೀಜಗಳನ್ನು ಹಂಚಿದ. ಇನ್ನೂ ಅಕ್ಷರ ಕೂಡಿಸಿ ಓದಲು ಬಾರದ ಮಕ್ಕಳು, ತಮ್ಮ ಮಡಿಗೆ ತಾವೇ ಒಂದು ಗುರುತು ಇಟ್ಟುಕೊಂಡರು. ಕಾಶವ್ವ ಹಸಿರು ಬಳೆಯ ಚೂರು ಚುಚ್ಚಿದಳು. ಮುದುಕಪ್ಪ ಸೋಡಾ ಬಾಟಲಿಯ ಬಿಲ್ಲೆ ಹುಗಿದ. ಮುದುಕಪ್ಪನಿಗೆ ಆಗ ಆರು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು, ಹೆಸರಿಗೆ ಅಷ್ಟರಮಟ್ಟಿಗೆ ನ್ಯಾಯ ಸಲ್ಲಿಸಿದ್ದ.

ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಫಕೀರೇಶ ಮಡಿಗಳನ್ನು ನೋಡಿದ. ಒಂದು ಕಡೆ ಬೀಜದ ಗುಡ್ಡೆ, ಇನ್ನೊಂದು ಕಡೆ ಬಟಾಬಯಲು. ಒಬ್ಬ ಬೀಜವನ್ನು ಮೊಣಕೈ ಆಳಕ್ಕೆ ಹೂತಿದ್ದ, ಇನ್ನೊಬ್ಬಳು ಮಣ್ಣಿನ ಮೇಲೇ ಚೆಲ್ಲಿ ಹೋಗಿದ್ದಳು. ನರ್ಸರಿಯವನ ಜೀವ ಅದನ್ನು ತಡೆಯಲಿಲ್ಲ.

ದಾರ ತಂದ. ಗೂಟ ಹೊಡೆದ. ಎಲ್ಲ ಬೀಜವನ್ನೂ ಕೆದರಿ ತೆಗೆದು, ಗೇಣಿಗೊಂದು ಸಾಲು ಬರುವಂತೆ ಮತ್ತೆ ಊರಿದ. ಬಳೆಚೂರು ಬರಿಗಾಲಿಗೆ ಚುಚ್ಚೀತೆಂದು ಗುರುತುಗಳನ್ನೆಲ್ಲ ಆರಿಸಿ ಒಂದು ಡಬ್ಬಿಗೆ ಹಾಕಿಟ್ಟ. ಕಾಳಜಿಯಿಂದಲೇ ಮಾಡಿದ, ಪಾಪ.

ಮುಂದೆಯೂ ಹಾಗೇ ನಡೆಯಿತು. ಮಕ್ಕಳು ದಿನಾ ಸಂಜೆ ಬಂದು ಮಣ್ಣು ಕೆದರಿ, ನೀರು ಚೆಲ್ಲಿ, ಕೆಸರು ಮಾಡಿ ಹೋಗುವರು. ಅವರು ಹೋದ ಕೂಡಲೇ ಫಕೀರೇಶ ಎಲ್ಲವನ್ನೂ ಸರಿ ಮಾಡುವನು.

ಇಪ್ಪತ್ತು ದಿನಕ್ಕೆ ತೋಟ ನೋಡುವ ಹಾಗಾಯಿತು. ದಾರಿಹೋಕರು ನಿಂತು ನೋಡಿದರು. ಹೆಡ್ಮಾಸ್ತರು ಬಂದು ಹೊಗಳಿ ಹೋದರು.

ಬರುವ ಮಕ್ಕಳು ಮಾತ್ರ ಹತ್ತೊಂಬತ್ತರಿಂದ ಹದಿನಾಲ್ಕಾದರು. ಹದಿನಾಲ್ಕು ಒಂಬತ್ತಾಯಿತು.

ಗೋಲಿ ಆಟದ ಹುಚ್ಚು ಹತ್ತಿರಬೇಕು ಎಂದುಕೊಂಡ ಫಕೀರೇಶ. ಆಮೇಲೆ ನೆಗಡಿ ಕೆಮ್ಮು ಇರಬೇಕು ಎಂದುಕೊಂಡ. ನಾಲ್ಕೇ ಮಂದಿ ಬಂದ ದಿನ ಬೇರೆ ನೆಪ ಹೊಳೆಯಲಿಲ್ಲ. ಬೇಲಿಯಾಚೆ ಕುಂಟಾಬಿಲ್ಲೆ ಆಡುತ್ತಿದ್ದ ಕಾಶವ್ವನನ್ನು ಕಂಡಿಯಿಂದಲೇ ಕರೆದ.

"ಯಾಕವ್ವ ಕಾಶವ್ವ, ತ್ವಾಟಕ್ಕ ಬರವಲ್ಲಿ?"

"ನಂದು ಯಾವುದಂತ ಗೊತ್ತಾಗವಲ್ದು ಸರ," ಎಂದಳು. "ಎಲ್ಲಾ ನಿಮ್ಮವ ಅದಾವ."

ಫಕೀರೇಶನಿಗೆ ಹಾಯೆನಿಸಿತು. ಇಷ್ಟೇ ತಾನೇ. ಎರಡು ದಿನ ಕೂತು ಹತ್ತೊಂಬತ್ತು ಹಲಗೆಗೆ ಬಣ್ಣ ಬಳಿದು, ಒಂದೊಂದು ಮಡಿಗೆ ಒಬ್ಬೊಬ್ಬರ ಹೆಸರನ್ನು ದುಂಡಗೆ ಬರೆದು ನೆಟ್ಟ. ಮರುದಿನ ಬಂದವರು ಮೂವರು. ಅವರೂ ಬೇರೆಯವರ ಹೆಸರಿನ ಮುಂದೆ ನಿಂತಿದ್ದರು.

ಅವತ್ತು ಅವನಿಗೆ ನಿಜವಾಗಿ ದಿಗಿಲಾಯಿತು. ತೋಟವಿದೆ, ಪಲ್ಯವಿದೆ, ಮಕ್ಕಳಿಲ್ಲ. ಹುಣ್ಣಿಮೆಯ ದಿನ ಬಡಿಸುವವರು ಯಾರು? ಬಟ್ಟೆಯ ಗಂಟು ಕಟ್ಟಿಕೊಂಡು ನರ್ಸರಿಯ ಹಾದಿ ಹಿಡಿಯುವುದು ಕಣ್ಣಿಗೆ ಕಟ್ಟಿತು.

ಅಜ್ಜನವರ ಮುಂದೆ ಹೋಗಿ ಕೂತು ಎಲ್ಲವನ್ನೂ ಹೇಳಿಕೊಂಡ. ತಾನು ಎಷ್ಟು ಕಷ್ಟಪಟ್ಟರೂ ಮಕ್ಕಳು ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ.

"ನಾಳೆ ಹೇಳ್ತೀನಿ," ಎಂದರು ಅಜ್ಜನವರು.

ಆಶ್ರಮದ ಅಂಗಳ ಗುಡಿಸುವುದು ಫಕೀರೇಶನ ಪಾಲಿನ ಕೆಲಸ. ಮರುದಿನ ಬೆಳಿಗ್ಗೆ ಎಂದಿನಂತೆ ಗುಡಿಸಿ ಪೊರಕೆ ಗೋಡೆಗೆ ಒರಗಿಸಿದ. ಒಳಗಿನಿಂದ ಅಜ್ಜನವರು ಬಂದರು. ಅದೇ ಪೊರಕೆ ತೆಗೆದುಕೊಂಡು, ಅದೇ ಅಂಗಳವನ್ನು ಆ ಮೂಲೆಯಿಂದ ಈ ಮೂಲೆಯವರೆಗೆ ಗುಡಿಸಿ, ಮಾತಿಲ್ಲದೆ ಒಳಗೆ ಹೋದರು.

ಫಕೀರೇಶನಿಗೆ ಮುಖವೆಲ್ಲ ಬಿಸಿಯಾಯಿತು. ಎಲ್ಲೋ ಕಸ ಉಳಿದಿರಬೇಕು.

ಎರಡನೆಯ ದಿನ ಬಗ್ಗಿ ಬಗ್ಗಿ ಗುಡಿಸಿದ. ಅಜ್ಜನವರು ಬಂದು ಮತ್ತೆ ಗುಡಿಸಿದರು. ಮೂರನೆಯ ದಿನ ಬೇವಿನ ಮರದ ಬುಡದಲ್ಲಿ ಒಂದೊಂದೇ ಎಲೆಯನ್ನು ಕೈಯಿಂದ ಆರಿಸಿದ. ಅಜ್ಜನವರು ಆ ಬುಡವನ್ನೂ ಗುಡಿಸಿದರು. ನಾಲ್ಕನೆಯ ದಿನ ಅವನಿಗೆ ಅಳು ಬಂತು. ಐದನೆಯ ದಿನ ಸಿಟ್ಟು ಬಂತು, ಎರಡು ಕೈ ಆಡಿಸಿ ಪೊರಕೆ ಒಗೆದ.

ಆರನೆಯ ದಿನ ಗುಡಿಸಲೇ ಇಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟ.

ಅಜ್ಜನವರು ಬಂದು, ಅಂಗಳ ನೋಡಿ, ಅವನನ್ನು ನೋಡಿದರು.

"ಯಾಕ, ಇವತ್ತ ಗುಡಸಲಿಲ್ಲ?"

"ನಾ ಗುಡಿಸಿದ್ರೂ ನೀವು ಮತ್ತ ಗುಡಸ್ತೀರಿ," ಎಂದ ಫಕೀರೇಶ. ಗುರುಗಳ ಮುಂದೆ ಅಷ್ಟು ಬಿರುಸಾಗಿ ಅವನು ಎಂದೂ ಮಾತಾಡಿದವನಲ್ಲ. "ಅಂದಮ್ಯಾಲೆ ಅದು ನನ್ನ ಕೆಲಸ ಹೆಂಗಾಕ್ಕೇತ್ರಿ, ಅಜ್ಜಾರ? ನೀವ ಮಾಡ್ಕೋರಿ."

ಅಜ್ಜನವರಿಗೆ ಕೋಪ ಬರಲಿಲ್ಲ. ಪೊರಕೆಯನ್ನು ಅವನ ಪಕ್ಕದಲ್ಲಿ ಮೆಲ್ಲಗೆ ಇಟ್ಟರು.

"ನಿನ್ನಿ ತ್ವಾಟಕ್ಕ ಎಷ್ಟ ಹುಡುಗರು ಬಂದಿದ್ರು?" ಎಂದು ಕೇಳಿದರು.

ಫಕೀರೇಶ ಬೇಲಿಯ ಕಂಡಿಯ ಕಡೆ ತಿರುಗಿ ನೋಡಿದ.

ಕಾಶವ್ವ ಕಂಡಿಯಾಚೆ ನಿಂತು ಹೇಳಿದ್ದು ಈಗ ಕಿವಿಗೆ ಬಿತ್ತು. ಐದು ದಿನದ ತನ್ನ ಅಳು, ಸಿಟ್ಟು ಎಲ್ಲವನ್ನೂ ಅವಳು ತನಗಿಂತ ಮೊದಲೇ ಅನುಭವಿಸಿ, ಕುಂಟಾಬಿಲ್ಲೆ ಆಡಲು ಹೋಗಿದ್ದಳು. ನಾಚಿಕೆಯಿಂದ ಅವನ ತಲೆ ತಗ್ಗಿತು.

ಹುಣ್ಣಿಮೆಗೆ ಇನ್ನು ಒಂದೂವರೆ ತಿಂಗಳಿತ್ತು.

ಅವತ್ತು ಶಾಲೆ ಬಿಡುವ ಹೊತ್ತಿಗೆ ಫಕೀರೇಶ ಡಬ್ಬಿ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತ. ಮಕ್ಕಳು ಸುತ್ತ ನೆರೆದಾಗ ಅದನ್ನು ಕಲ್ಲಿನ ಮೇಲೆ ಸುರಿದ. ಗೋಲಿ, ಬಿಲ್ಲೆ, ಬಳೆಚೂರು, ಹರಿದ ಚಪ್ಪಲಿಯ ಉಂಗುಟ, ಎಲ್ಲವೂ ಇದ್ದವು.

"ನಿಮ್ಮ ತ್ವಾಟ ನಾ ಕಸಗೊಂಡಿದ್ದೆ," ಎಂದ. "ನನ್ನ ತಪ್ಪಾತು. ತಿರುಗಿ ಕೊಡಾಕ ಬಂದೀನಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಪ್ಪ ಮುಂದೆ ಬಂದ.

"ನಾವು ಹಚ್ಚಿದ್ದನ್ನ ಮತ್ತ ಕಿತ್ತು ಹಚ್ತೀರೇನ್ರಿ ಸರ?"

"ಇಲ್ಲ."

"ಆಣಿ ಮಾಡ್ರಿ."

ಫಕೀರೇಶ ಅವನ ಪುಟ್ಟ ಅಂಗೈ ಮುಟ್ಟಿ ಆಣೆ ಮಾಡಿದ. ಕಾಶವ್ವ ಹಸಿರು ಬಳೆಚೂರನ್ನು ಹೆಕ್ಕಿ ಲಂಗಕ್ಕೆ ಒರೆಸಿಕೊಂಡಳು.

ಹತ್ತೊಂಬತ್ತು ಮಂದಿಯೂ ಕಂಡಿಯಲ್ಲಿ ನುಗ್ಗಿದರು. ಮೊದಲು ಮಾಡಿದ ಕೆಲಸವೆಂದರೆ, ಅವನ ಚೆಂದದ ಸಾಲುಗಳನ್ನು ಅಗೆದು ಹಾಕಿದ್ದು. ಹಲಗೆಗಳನ್ನು ಕಿತ್ತು ಮಣ್ಣು ತೋಡಿದರು. ಎಳೆಯ ಬೆಂಡೆ ಗಿಡಗಳು ಬುಡಮೇಲಾದವು. ಫಕೀರೇಶ ಬದುವಿನ ಮೇಲೆ ತನ್ನ ಎರಡೂ ಕೈಗಳ ಮೇಲೆ ತಾನೇ ಕೂತಿದ್ದ. ಬಿಟ್ಟರೆ ಅವು ಸರಿಪಡಿಸಲು ಓಡುತ್ತಿದ್ದವು.

ಆಮೇಲೆ ಫಕೀರೇಶ ಮತ್ತೆ ಬೀಜ ಹಂಚಿದ. ಅಂದಿನಿಂದ ಬದುವೇ ಅವನ ಜಾಗ. ತೊಟ್ಟಿಗೆ ನೀರು ತುಂಬಿಡುವನು. ಮಕ್ಕಳ ಅಳತೆಗೆ ಕಳೆ ತೆಗೆಯುವ ಕುರ್ಚಿಗೆಯ ಹಿಡಿಕೆ ಕತ್ತರಿಸಿ ಕೊಡುವನು. ಕೇಳಿದರೆ ಹೇಳುವನು, ಕೇಳದಿದ್ದರೆ ಇಲ್ಲ. ಆ ಕೇಳದ ಹೊತ್ತು ಬಲು ಕಠಿಣವಾಗಿತ್ತು. ಉಪವಾಸವೇ ವಾಸಿಯಿತ್ತು ಎಂದು ಎಷ್ಟೋ ಸಲ ಅನ್ನಿಸಿತು.

ಕಾಶವ್ವ ತನ್ನ ಪಾಲಿನ ಮೆಂತ್ಯದ ಬೀಜವನ್ನೆಲ್ಲ ಒಂದೇ ಕುಣಿಗೆ ಸುರಿದಳು. ಫಕೀರೇಶ ತಡೆಯಲಾರದೆ, ಯಾಕವ್ವ ಹೀಗೆ ಎಂದು ಕೇಳಿದ.

"ಒಂದ ಕಡೆ ಇದ್ರ ಅವಕ್ಕ ಅಂಜಿಕಿ ಬರೂದಿಲ್ರಿ ಸರ," ಎಂದಳು.

ಫಕೀರೇಶನಿಗೆ ನರ್ಸರಿಯಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

ಮೆಂತ್ಯ ಮೊಳೆತು ಒತ್ತಾಗಿ ಎದ್ದಿತು. ಎಂಟು ದಿನಕ್ಕೆ ಬಿಳಿಚಿಕೊಂಡಿತು. ಕಾಶವ್ವ ಎರಡು ದಿನ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಮೂರನೆಯ ದಿನ ಬದುವಿಗೆ ಬಂದು ಅವನ ಅಂಗಿ ಜಗ್ಗಿದಳು.

"ಸರ, ಇವು ಒಳಗೊಳಗ ಜಗಳಾಡಾಕತ್ತಾವ. ಜಾಗಾ ಸಾಲವಲ್ದು. ಬಿಡಸಿ ಬಿಡಸಿ ಹಚ್ಚಲೇನು?"

"ನಿನ್ನ ಮಡಿ. ನೀ ನೋಡವ್ವ," ಎಂದ ಫಕೀರೇಶ. ಅವನ ಕಣ್ಣು ತುಂಬಿ ಬಂತು.

ಅವಳು ಬಿಡಿಸಿ ನೆಟ್ಟಳು. ಅರ್ಧ ಬಾಡಿತು, ಅರ್ಧ ಬದುಕಿತು. ಬದುಕಿದ್ದು ಎಲೆಯೊಡೆದು ಹಬ್ಬಿತು. ಮುಂದಿನ ವಾರ ಅವಳೇ ಉಳಿದ ಮಕ್ಕಳ ಮಡಿಗಳಿಗೆಲ್ಲ ಹೋಗಿ, ಇವಕ್ಕೆ ಜಾಗ ಬೇಕು ಎಂದು ಜೋರು ಮಾಡಿ ಬಂದಳು. ಮಕ್ಕಳು ಅವಳ ಮಾತು ಕೇಳಿದರು. ತೋಟದಲ್ಲಿ ಸಾಲು ಇರಲಿಲ್ಲ, ಆದರೆ ಎಲ್ಲ ಕಡೆ ಹಸಿರು ಇತ್ತು.

ಮುದುಕಪ್ಪ ದಿನಕ್ಕೆ ನಾಲ್ಕು ಸಲ ನೀರು ಹಾಕಿ ಮೂಲಂಗಿ ಕೊಳೆಸಿದ. ಅತ್ತ. ಮತ್ತೆ ಬೀಜ ಹಾಕಿದ. ಈ ಸಲ ಮಣ್ಣಿನೊಳಗೆ ಬೆರಳಿಟ್ಟು, ಒಣಗಿದ್ದರೆ ಮಾತ್ರ ನೀರು ಹಾಕಿದ. ಹಾಗೆ ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹುಣ್ಣಿಮೆ ಬಂತು. ಬೆಳಿಗ್ಗೆಯೇ ಅಡುಗೆಯ ನೀಲಗಂಗವ್ವ ಚಡಪಡಿಸಿದಳು. ಅರವತ್ತು ಎಲೆ ಬೀಳುತ್ತವೆ, ಕೂಸುಗಳನ್ನು ನಂಬಿ ಕೂಡುವುದೇ, ಸಂತೆಯಿಂದ ನಾಲ್ಕು ಬುಟ್ಟಿ ತರಿಸೋಣ ಎಂದಳು. ಅಜ್ಜನವರು ಒಪ್ಪಲಿಲ್ಲ. ಫಕೀರೇಶನಂತೂ ರಾತ್ರಿಯೇ ಗಂಟು ಕಟ್ಟಿಟ್ಟಿದ್ದ.

ಬಿಸಿಲು ಏರುವ ಮೊದಲು ಮಕ್ಕಳು ಬಂದರು. ಹತ್ತೊಂಬತ್ತಲ್ಲ, ಇಪ್ಪತ್ಮೂರು. ತಮ್ಮತಂಗಿಯರನ್ನೂ ಕರೆತಂದಿದ್ದರು. ಮಡಿಗಿಳಿದು ಕೀಳತೊಡಗಿದರು.

ಒಂದು ಬುಟ್ಟಿ ಮೆಂತ್ಯ ಬಂತು. ಮತ್ತೊಂದು ಬುಟ್ಟಿ ಬಂತು. ರಾಜಗಿರಿಯನ್ನು ಲಂಗದ ಮಡಿಲಲ್ಲಿ, ಅಂಗಿಯಲ್ಲಿ, ತಲೆಯ ಮೇಲೆ ಹೊತ್ತು ತಂದರು. ಮೂಲಂಗಿ ಕೆಲವು ಸೊಟ್ಟ, ಕೆಲವು ಎರಡು ಕಾಲಿನವು. ಅಡುಗೆಮನೆಯ ಹೊಸ್ತಿಲಲ್ಲಿ ಕಾಲಿಡಲು ಜಾಗವಿಲ್ಲದಾದಾಗ ನೀಲಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನು ಸಾಕು ಮಾಡಿರಿ ಎಂದು ಕೈಮುಗಿದಳು.

ಮಧ್ಯಾಹ್ನ ಪಂಕ್ತಿ ಕೂತಿತು. ರೊಟ್ಟಿಯ ಜೊತೆ ಮೆಂತ್ಯ ಬೇಳೆಯ ಪಲ್ಯ, ರಾಜಗಿರಿ ಪಲ್ಯ, ಹಸಿ ಮೂಲಂಗಿ. ಮಕ್ಕಳೇ ಬಡಿಸಿದರು. ಇದು ನಂದು, ಅದು ಅವಂದು ಎಂದು ಒಂದೊಂದು ಎಲೆಯ ಮುಂದೆಯೂ ಹೇಳಿ ಹೇಳಿ ಬಡಿಸಿದರು. ಅಪ್ಪಂದಿರು ತಲೆ ತಗ್ಗಿಸಿ ಉಂಡರು, ಮುಖದ ಹಿಗ್ಗನ್ನು ಮುಚ್ಚಿಡಲು ಬೇರೆ ದಾರಿಯಿರಲಿಲ್ಲ. ಮುದುಕಪ್ಪನ ತಡವಾದ ಮೂಲಂಗಿ ಕಿರುಬೆರಳಿನಷ್ಟಿತ್ತು. ಅದನ್ನು ಅಜ್ಜನವರ ಎಲೆಗೆ ಇಟ್ಟು ಅಲ್ಲೇ ನಿಂತ. ಅಜ್ಜನವರು ಅದನ್ನು ಬಹಳ ಹೊತ್ತು ಅಗಿದು ತಿಂದರು. ಮುದುಕಪ್ಪ ಹಲ್ಲಿಲ್ಲದ ಬಾಯಿ ತೆರೆದು ಕುಣಿಯುತ್ತ ಓಡಿದ.

ಅರವತ್ತು ಎಲೆ ಎದ್ದ ಮೇಲೂ ಪಲ್ಯ ಉಳಿಯಿತು.

ಫಕೀರೇಶ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ. ಜೀವಮಾನದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ಜನ ಹೊಳೆಗೆ ಕೈ ತೊಳೆಯಲು ಹೋದರು. ಅಂಗಳ ತುಂಬ ರೊಟ್ಟಿಯ ಚೂರು, ಮೂಲಂಗಿ ಸೊಪ್ಪು. ಪೊರಕೆ ತರಲು ಫಕೀರೇಶ ತಿರುಗಿದರೆ, ಅದು ಆಗಲೇ ಕಾಶವ್ವನ ಕೈಯಲ್ಲಿತ್ತು.

ಅವಳಿಗಿಂತ ಎತ್ತರದ ಪೊರಕೆ. ಅತ್ತ ನಾಲ್ಕು ಗೀಟು, ಇತ್ತ ನಾಲ್ಕು ಗೀಟು ಎಳೆದು, ಕಸವನ್ನು ಬೇವಿನ ಬುಡಕ್ಕೆ ತಳ್ಳಿ, ಬೆವರೊರೆಸಿಕೊಂಡಳು.

"ಆತ್ರಿ ಸರ," ಎಂದು ಪೊರಕೆಯನ್ನು ಅವನ ಕೈಗೆ ಕೊಟ್ಟು ಹೊಳೆಯ ಕಡೆ ಓಡಿದಳು.

ಮೆಟ್ಟಿಲ ಹತ್ತಿರ ಒಂದು ಮೂಲಂಗಿ ಎಲೆ ಉಳಿದಿತ್ತು. ಫಕೀರೇಶನ ಕೈ ಅದರ ಕಡೆ ಚಾಚಿತು. ಅರ್ಧಕ್ಕೆ ನಿಂತಿತು. ಆ ಕೈಯನ್ನು ಅವನು ಬೆನ್ನ ಹಿಂದೆ ಇಟ್ಟುಕೊಂಡ.

ಕಟ್ಟೆಯ ಮೇಲಿಂದ ಅಜ್ಜನವರು ಇಳಿದು ಬಂದರು. ಎಲೆಯನ್ನು ನೋಡಿದರು. ತುಳಿಯದೆ ದಾಟಿ, ಅವನ ಮುಂದೆ ನಿಂತರು.

ತಾನಿನ್ನು ಇಲ್ಲಿರಬಹುದೇ ಎಂದು ಕೇಳಬೇಕೆಂದಿದ್ದ ಫಕೀರೇಶ.

ಅಜ್ಜನವರು ಅವನ ಕೈಯಲ್ಲಿದ್ದ ಪೊರಕೆಯನ್ನು ಒಮ್ಮೆ ಮುಟ್ಟಿದರು.

"ನಾಳೆ ಮುಂಜಾನೆ ಅಂಗಳ ನೀ ಗುಡಸು," ಎಂದರು. "ನಾ ಹಿಂದ ಬರೂದಿಲ್ಲ."