ಕೆಂಪು ಬಣ್ಣದ ಇಪ್ಪತ್ತೇಳು

"ಗುರುಗಳೇ, ನನ್ನ ಕೈಲಾದದ್ದನ್ನು ನಾನು ಮಾಡಿದ್ದೇನೆ. ಆಮೇಲೆ ಆಗುವುದಕ್ಕೂ ನಾನೇ ಹೊಣೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ನಗರಸಭೆಯಲ್ಲಿ ಅಧಿಕಾರಿ. ಬಸ್ ನಿಲ್ದಾಣದ ಎದುರಿನ ಕಟ್ಟಡದ ತಾರಸಿಯ ಮೇಲೆ ಯಾರೋ ಅನುಮತಿಯಿಲ್ಲದೆ ಜಾಹೀರಾತು ಫಲಕ ನಿಲ್ಲಿಸಿದ್ದರು. ಅವನು ಮೂರು ನೋಟಿಸ್ ಕೊಟ್ಟಿದ್ದ. ಗಡುವು ಮುಗಿದು ತಿಂಗಳಾಗಿತ್ತು. ಫಲಕ ಅಲ್ಲೇ ಇತ್ತು, ನೋಟಿಸಿನ ಪ್ರತಿಗಳು ಅವನ ಚೀಲದಲ್ಲಿದ್ದವು.

ಗುರು ಮರಿಯಣ್ಣನ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ. ಲೋಟ ಕೆಳಗಿಟ್ಟು, ಒಂದು ಕಾಲದಲ್ಲಿ ಮೂರು ಜಿಲ್ಲೆಗಳ ಫಲಕಗಳನ್ನೆಲ್ಲ ತಾನೊಬ್ಬನೇ ಬರಿಗೈಯಲ್ಲಿ, ಒಂದೇ ಹಗಲಿನಲ್ಲಿ ಕಿತ್ತುಹಾಕಿದ್ದಾಗಿ ಹೇಳಿದ. ಶಿಷ್ಯ ಹುಬ್ಬೇರಿಸಿದ.

"ಸುಳ್ಳು," ಎಂದ ಗುರು. "ಮಂಚದ ಮೇಲೆ ನಿಂತರೂ ನನಗೆ ತಲೆ ಸುತ್ತುತ್ತದೆ. ಆದರೆ ಈಗ ಹೇಳುವುದು ನಿಜ. ಸುಳ್ಳು ಬಂದ ಕಡೆ ನಾನೇ ಹೇಳಿಬಿಡುತ್ತೇನೆ, ಕೇಳು."

ಒಂದು ಊರಿನಲ್ಲಿ ಒಬ್ಬ ಅಧಿಕಾರಿಯಿದ್ದ. ಲಂಚ ಮುಟ್ಟುವವನಲ್ಲ, ಸೋಮಾರಿಯೂ ಅಲ್ಲ. ಬೆಳಿಗ್ಗೆ ಬಂದ ಕಾಗದಕ್ಕೆ ಸಂಜೆಯೊಳಗೆ ಉತ್ತರ ಬರೆಯುತ್ತಿದ್ದ. ಆ ಊರಿನಲ್ಲಿ ನಾಲ್ಕು ಮಹಡಿಯ ಒಂದು ಕಟ್ಟಡ. ಇಲ್ಲ, ನಾಲ್ಕು ಸುಳ್ಳು, ಮೂರೇ. ಅದರ ತಾರಸಿಯ ಮೇಲೆ ಒಬ್ಬ ವ್ಯಾಪಾರಿ ಯಾರನ್ನೂ ಕೇಳದೆ ಕಬ್ಬಿಣದ ಫಲಕ ನಿಲ್ಲಿಸಿದ. ಗೋಡೆಯ ಬುಡದಲ್ಲಿ ಒಬ್ಬ ದರ್ಜಿಯ ತಗಡಿನ ಅಂಗಡಿ.

ಒಂದು ದಿನ ದರ್ಜಿ ಕಚೇರಿಗೆ ಬಂದ. ಮೇಜಿನ ಮೇಲೆ ಹೆಬ್ಬೆರಳ ಗಾತ್ರದ ಬೋಲ್ಟ್ ಒಂದನ್ನು ಇಟ್ಟ. ಹೋದ ವಾರದ ಗಾಳಿಗೆ ಇದು ಮೇಲಿನಿಂದ ಬಿತ್ತು, ತಗಡು ತೂತಾಯಿತು, ಮೊಳ ಇತ್ತ ಬಿದ್ದಿದ್ದರೆ ತಲೆ ತೂತಾಗುತ್ತಿತ್ತು ಎಂದ. ಅಂದಿನಿಂದ ಅವನು ಹೊಲಿಗೆ ಯಂತ್ರವನ್ನು ರಸ್ತೆಯಾಚೆಯ ಹೊಂಗೆಮರದ ಕೆಳಗೆ ಇಟ್ಟುಕೊಂಡಿದ್ದ. ಮರದ ಮೇಲೆ ಕಾಗೆಗಳು. ಹೊಲಿಯಲು ಕೊಟ್ಟ ಬಟ್ಟೆ ಕೊಳೆಯಾಗುತ್ತದೆಂದು ಹೆಂಗಸರು ಬೇರೆ ಅಂಗಡಿಗೆ ಹೋಗತೊಡಗಿದ್ದರು.

ಅಧಿಕಾರಿ ಬೋಲ್ಟನ್ನು ಲಕೋಟೆಯೊಳಗೆ ಹಾಕಿ ಕಡತಕ್ಕೆ ಸೇರಿಸಿದ. ಅಂದೇ ವ್ಯಾಪಾರಿಗೆ ನೋಟಿಸ್ ಬರೆದ. ಏಳು ದಿನದೊಳಗೆ ತೆಗೆಯದಿದ್ದರೆ ನಾವೇ ತೆಗೆಯುತ್ತೇವೆ ಎಂಬ ಮಾತಿನ ಕೆಳಗೆ ಗೆರೆ ಎಳೆದ. ವ್ಯಾಪಾರಿ ಕಾಲಾವಕಾಶ ಕೇಳಿದ. ಅಧಿಕಾರಿ ಎರಡನೆಯ ನೋಟಿಸ್ ಬರೆದ. ವ್ಯಾಪಾರಿ ಮತ್ತೆ ಕೇಳಿದ. ಮೂರನೆಯದನ್ನೂ ಬರೆದ. ತೆಗೆಸಬೇಕೆಂದರೆ ಕ್ರೇನ್ ಕರೆಸಬೇಕು, ಪೊಲೀಸರನ್ನು ಕೇಳಬೇಕು, ಬೀದಿಯಲ್ಲಿ ನಿಂತು ಬೈಗುಳ ತಿನ್ನಬೇಕು. ನೋಟಿಸಿಗಾದರೆ ಒಂದು ಹಾಳೆ ಸಾಕು.

ಆದರೂ ಅವನ ಮನಸ್ಸು ಕೇಳಲಿಲ್ಲ. ಸುಮ್ಮನೆ ಕೂತಿಲ್ಲ ಎಂಬುದು ತನಗಾದರೂ ಕಾಣಬೇಕಿತ್ತು. ತೆಗೆಯಬೇಕಾದ ಫಲಕಗಳ ಪಟ್ಟಿ ಮಾಡಿಸಿದ. ಆಳನ್ನು ಕಳಿಸಿ ಪ್ರತಿಯೊಂದರ ಕಾಲಿಗೂ ಕೆಳಗಿನಿಂದ ಕಾಣುವಂತೆ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆಸಿದ. ದರ್ಜಿಯ ನೆತ್ತಿಯ ಮೇಲಿನ ಫಲಕಕ್ಕೆ ಇಪ್ಪತ್ತೇಳು ಬಂತು.

ಆ ಊರಿನ ಪದ್ಧತಿ ಒಂದಿತ್ತು. ನಗರಸಭೆ ತಾನು ನೋಡಿಕೊಳ್ಳುವುದಕ್ಕೆಲ್ಲ ಕೆಂಪು ಸಂಖ್ಯೆ ಬರೆಯುತ್ತಿತ್ತು. ದೀಪದ ಕಂಬಕ್ಕೆ, ಬೀದಿ ನಲ್ಲಿಗೆ, ರಸ್ತೆಬದಿಯ ಮರಕ್ಕೆ. ದರ್ಜಿ ಕೂತಿದ್ದ ಹೊಂಗೆಮರಕ್ಕೂ ನೂರ ಆರು ಎಂದು ಬರೆದಿತ್ತು. ಕಬ್ಬಿಣದ ಕಾಲಿನ ಮೇಲೆ ಇಪ್ಪತ್ತೇಳು ಮೂಡಿದ ಮರುದಿನ ದರ್ಜಿ ಯಂತ್ರವನ್ನು ಹೊತ್ತುಕೊಂಡು ಹೋಗಿ ಅಂಗಡಿಯೊಳಗಿಟ್ಟ. ತಗಡಿನ ತೂತಿಗೆ ಡಾಂಬರು ಮೆತ್ತಿದ. ಇದು ಅಧಿಕಾರಿಗೆ ಗೊತ್ತಿರಲಿಲ್ಲ. ಅವನು ಸಂಖ್ಯೆ ಬರೆಸಿದ್ದನೇ ಹೊರತು ಹೋಗಿ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಕಚೇರಿಯ ಕಿಟಕಿ ದಡಾರೆಂದು ಬಡಿದುಕೊಂಡಿತು. ಅಧಿಕಾರಿ ಎದ್ದು ನೋಡಿದ. ಪಡುವಣದಲ್ಲಿ ಕೆಂಧೂಳು ಗೋಡೆಯಂತೆ ಎದ್ದಿತ್ತು. ಬೀದಿಯ ಕೊನೆಯಲ್ಲಿ ಇಪ್ಪತ್ತೇಳನೆಯ ಫಲಕದ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ತೆರವಿನ ಆದೇಶ ಹದಿನೆಂಟು ದಿನದಿಂದ ಅವನ ಮೇಜಿನ ಮೇಲೆಯೇ ಇತ್ತು. ಬೇಕಾಗಿದ್ದದ್ದು ಅವನದೇ ಸಹಿ. ಅವನು ಲೇಖನಿ ಹುಡುಕಿದ. ಮೊದಲು ಸಹಿ ಮಾಡಿದ, ದಿನಾಂಕ ಹಾಕಿದ, ಆಮೇಲೆ ಓಡಿದ.

ಓಡುವಾಗ ಅವನ ತಲೆಯಲ್ಲಿದ್ದದ್ದು ಒಂದೇ, ದರ್ಜಿ ಮರದ ಕೆಳಗಿದ್ದಾನೆ, ಭಯವಿಲ್ಲ. ಮರದ ಹತ್ತಿರ ಬಂದ. ಅಲ್ಲಿ ಯಾರೂ ಇರಲಿಲ್ಲ. ರಸ್ತೆಯಾಚೆ ತಗಡಿನ ಅಂಗಡಿಯೊಳಗಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

ಅಧಿಕಾರಿ ಬಾಗಿಲಲ್ಲಿ ನಿಂತು ಈಚೆ ಬಾ ಎಂದು ಕೂಗಿದ. ದರ್ಜಿ ತಲೆ ಎತ್ತಿದ. ಇವತ್ತು ಅವನ ಮುಖದಲ್ಲಿ ಹೆದರಿಕೆಯಿರಲಿಲ್ಲ.

"ಗಾಳಿಗೆ ಯಾಕೆ, ಬುದ್ಧಿ, ಅಷ್ಟು ಗಾಬರಿ? ನೀವೇ ನಂಬರ್ ಹಾಕ್ಸಿದ್ದೀರಲ್ಲ. ಇನ್ನೊಂದು ತೋಳಿದೆ, ಹೊಲಿದು ಬರ್ತೀನಿ, ಮದುವೆ ರವಿಕೆ ಇದು."

ಮೇಲೆ ಕಬ್ಬಿಣ ನರಳಿತು. ಅಧಿಕಾರಿ ಒಳಗೆ ನುಗ್ಗಿ ಅವನ ರಟ್ಟೆ ಹಿಡಿದು ಎಳೆದ. ಇಬ್ಬರೂ ಹೊಸ್ತಿಲಿಗೆ ಬಂದರು. ಅಷ್ಟರಲ್ಲಿ ದರ್ಜಿ, ಇನ್ನೊಬ್ಬರ ಬಟ್ಟೆಯೆಂದು, ರವಿಕೆಗಾಗಿ ಬಲಗೈ ಹಿಂದಕ್ಕೆ ಚಾಚಿದ.

ಗುರು ಇಲ್ಲಿ ನಿಲ್ಲಿಸಿದ. ಲೋಟದ ತಳದಲ್ಲಿದ್ದ ಚಹಾವನ್ನು ಕುಡಿದು ಮುಗಿಸಿದ. "ಇಲ್ಲಿ ಒಂದು ಸುಳ್ಳು ಸೇರಿಸಬೇಕೆಂದಿದ್ದೆ," ಎಂದ. "ಯಾಕೋ ಬಾಯಿಗೆ ಬರುತ್ತಿಲ್ಲ."

ಫಲಕ ಅಂಗಡಿಯ ಮೇಲೆ ಬಿತ್ತು. ದರ್ಜಿಯ ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು.

ವಿಚಾರಣೆ ನಡೆಯಿತು. ಅಧಿಕಾರಿ ಕಡತ ಮುಂದಿಟ್ಟ. ಬೋಲ್ಟು, ಮೂರು ನೋಟಿಸ್, ಕೆಂಪು ಸಂಖ್ಯೆಗಳ ಪಟ್ಟಿ, ಅಂದಿನ ದಿನಾಂಕದ ಆದೇಶ. ಯಾವುದರಲ್ಲೂ ಕೊರತೆಯಿರಲಿಲ್ಲ. ಅವನದು ತಪ್ಪಿಲ್ಲವೆಂದು ಬರೆದರು. ವ್ಯಾಪಾರಿಗೆ ಇನ್ನೊಂದು ನೋಟಿಸ್ ಹೋಯಿತು.

ಅಧಿಕಾರಿ ಆ ತೀರ್ಪಿನ ಪ್ರತಿಯನ್ನು ಹಿಡಿದು ಹೊರಗೆ ಬಂದಾಗ ಮೆಟ್ಟಿಲ ಬಳಿ ದರ್ಜಿ ಕಾದಿದ್ದ. ಕೈಗೆ ಬಟ್ಟೆ ಸುತ್ತಿತ್ತು. ಅವನು ಬಯ್ಯಬಹುದು, ಪರಿಹಾರ ಕೇಳಬಹುದು ಎಂದುಕೊಂಡು ಅಧಿಕಾರಿ ಎರಡಕ್ಕೂ ಉತ್ತರ ಹೊಂದಿಸಿಕೊಂಡ. ದರ್ಜಿ ಎರಡನ್ನೂ ಮಾಡಲಿಲ್ಲ.

"ಒಂದು ಬೇಡಿಕೆ, ಬುದ್ಧಿ. ಇನ್ಮೇಲೆ ಕೀಳೋ ದಿನಾನೇ ನಂಬರ್ ಹಾಕ್ಸಿ. ಅಲ್ಲೀವರೆಗೆ ನಮ್ಮನ್ನ ಹೆದರಿಕೊಂಡೇ ಇರೋದಕ್ಕೆ ಬಿಡಿ."

ಗುರುವಿನ ಕತೆ ಮುಗಿಯಿತು. ಬೀದಿಯಲ್ಲಿ ಸಣ್ಣಗೆ ಗಾಳಿ ಎದ್ದು ಮರಿಯಣ್ಣನ ಅಂಗಡಿಯ ಪರದೆ ಅಲ್ಲಾಡಿತು. ಶಿಷ್ಯ ಚೀಲವನ್ನು ಎದೆಗೆ ಅವುಚಿಕೊಂಡ. ಬಸ್ ನಿಲ್ದಾಣದ ಕಡೆಗೊಮ್ಮೆ ನೋಡಿದ. "ಆದರೂ ಗುರುಗಳೇ, ನಾನು ಮೂರು ಸಲ ಬರವಣಿಗೆಯಲ್ಲಿ ತಿಳಿಸಿದ್ದೇನಲ್ಲ," ಎಂದ.

ಗುರು ಖಾಲಿ ಲೋಟವನ್ನು ಅವನ ಮುಂದೆ ಸರಿಸಿ ಎದ್ದ.

"ಚಹಾದ ದುಡ್ಡು ಕೊಡುತ್ತೇನೆಂದು ನಾನೂ ಮರಿಯಣ್ಣನಿಗೆ ಮೂರು ಸಲ ಬರೆದುಕೊಟ್ಟಿದ್ದೇನೆ, ಅದು ಕೊಟ್ಟಂತಾಯಿತೇ ಎಂದು ಅವನನ್ನು ಕೇಳಿ ನೋಡು, ಆಗಲಿಲ್ಲ ಅಂದರೆ ನೀನು ಕೊಟ್ಟು ಹೊರಡು."