ತಿಪ್ಪವ್ವನ ಶುಗರ್ ಮಾತ್ರೆ

ಒಂದೂರಲ್ಲಿ ತಿಪ್ಪವ್ವ ಅಂತ ಒಬ್ಬಳು, ಅವಳಿಗೆ ಓಬಣ್ಣ ಅಂತ ಒಬ್ಬ ಮಗ. ಮಗನಿಗೆ ವಯಸ್ಸು ಮೂವತ್ತೊಂದಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಮಾತು ಕೇಳುತ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತಿಪ್ಪವ್ವನ ಗೋಳು.

ಆ ವರ್ಷ ಸರ್ಕಾರದವರು ಮೂವತ್ತು ದಾಟಿದವರಿಗೆಲ್ಲ ಶುಗರ್, ಬಿಪಿ ನೋಡಬೇಕೆಂದು ರಾಜ್ಯದ ಊರೂರಿಗೂ ಜನ ಕಳಿಸಿದರು. ಈ ಊರಿನ ಆಶಾ ಕಾರ್ಯಕರ್ತೆ ಶಿವಲೀಲಕ್ಕ ಬಂದು ತಿಪ್ಪವ್ವನ ಬೆರಳು ಚುಚ್ಚಿ ನೋಡಿದರೆ ಶುಗರ್ ಮುನ್ನೂರರ ಹತ್ತಿರ! ಇದೇ ಕಾಯಿಲೆಯಲ್ಲಿ ತಿಪ್ಪವ್ವನ ಅಕ್ಕನ ಕಾಲು ತೆಗೆದಿದ್ದರು.

ಶಿವಲೀಲಕ್ಕ ಒಂದು ತಿಂಗಳ ಮಾತ್ರೆಯನ್ನು ಕಾಗದದಲ್ಲಿ ಕಟ್ಟಿ ಓಬಣ್ಣನ ಕೈಗೆ ಕೊಟ್ಟು, ತಂಪಾದ ಜಾಗದಲ್ಲಿಡು ಅಂದಳು. ಓಬಣ್ಣ ಮನೆಯೆಲ್ಲ ಹುಡುಕಿದ. ಕುಡಿಯುವ ನೀರಿನ ಗಡಿಗೆಗಿಂತ ತಂಪಾದ ಜಾಗ ಸಿಗಲಿಲ್ಲ. ಅದರೊಳಗೇ ಇಟ್ಟ.

ತಿಪ್ಪವ್ವ ತಲೆ ಚಚ್ಚಿಕೊಂಡಳು. ಆಸ್ಪತ್ರೆಯಿಂದ ಏನೇ ಬರಲಿ, ಕೋಣೆಯಲ್ಲಿಟ್ಟು ಬೀಗ ಹಾಕಬೇಕು ಕಣೋ ಅಂತ ಬುದ್ಧಿ ಹೇಳಿದಳು. ಆಗಲವ್ವ ಅಂದ.

ಮಾರನೇ ವಾರ ತಿಪ್ಪವ್ವ ಹೊಲಕ್ಕೆ ಹೋದಾಗ ಆಸ್ಪತ್ರೆಯಿಂದ ಬಂದದ್ದು ಶಿವಲೀಲಕ್ಕ. ಓಬಣ್ಣ ಅವಳನ್ನು ಕೋಣೆಗೆ ಕರೆದು, ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆ ಮೇಲೆ ಕಾವಲು ಕೂತ. ಮಧ್ಯಾಹ್ನ ತಿಪ್ಪವ್ವ ಬಂದು ಬಿಡಿಸುವಷ್ಟರಲ್ಲಿ ಶಿವಲೀಲಕ್ಕನ ಬಿಪಿಯೇ ಏರಿತ್ತು. ಆಸ್ಪತ್ರೆಯಿಂದ ಬಂದರೆ ಕುರ್ಚಿ ಹಾಕಿ ಕೂರಿಸಬೇಕು, ಒಂದು ಚೊಂಬು ನೀರು ಕೊಡಬೇಕು, ಅಷ್ಟೂ ಗೊತ್ತಾಗಲ್ವ ಅಂತ ಬೈದು ಹೋದಳು. ಆಗಲಕ್ಕ ಅಂದ.

ಪಾಪ, ಒಳ್ಳೆಯ ಹೆಂಗಸು. ಕೋಪ ಇಳಿದ ಮೇಲೆ ಇನ್ನೊಂದು ಪೊಟ್ಟಣ ಮಾತ್ರೆ ಕಳಿಸಿದಳು. ಓಬಣ್ಣ ಕುರ್ಚಿ ಹಾಕಿ ಪೊಟ್ಟಣವನ್ನು ಕೂರಿಸಿದ. ಅದರ ಮೇಲೆ ಒಂದು ಚೊಂಬು ನೀರು ಹೊಯ್ದ.

ಆ ಹೊತ್ತಿಗೆ ತಿಪ್ಪವ್ವನಿಗೆ ತಲೆ ತಿರುಗುತ್ತಿತ್ತು, ಪಾದ ಜೋಮು ಹಿಡಿದಿತ್ತು. ಇನ್ನು ಮಾತ್ರೆ ಬೇಕೆಂದರೆ ಸೋಮವಾರದಿಂದ ಎರಡು ದಿನ ಶಾಲೆಯಲ್ಲಿ ನಡೆಯುವ ಶಿಬಿರದಲ್ಲಿ ಡಾಕ್ಟರೇ ಬರೆಯಬೇಕು. ಹೋಗಲು ಕಾಲಲ್ಲಿ ಶಕ್ತಿಯಿಲ್ಲ. ನನ್ನ ಹೆಸರು ಕೂಗಿದರೆ ಓ ಅನ್ನು, ಅವರು ಹೇಳಿದ ಹಾಗೆ ಕೇಳಿ ಮಾತ್ರೆ ಈಸಿಕೊಂಡು ಬಾ ಅಂತ ಮಗನನ್ನು ಕಳಿಸಿದಳು.

ಶಿಬಿರದ ಗುಮಾಸ್ತ ಬರೆಯುತ್ತಿದ್ದ ಪಟ್ಟಿಯಿಂದ ತಲೆಯೆತ್ತುವವನಲ್ಲ. "ತಿಪ್ಪವ್ವ" ಅಂತ ಕೂಗಿದ. "ಓ" ಅಂದ ಓಬಣ್ಣ. ಬೆರಳು ಕೊಡು ಅಂದರು, ಕೊಟ್ಟ.

"ಅವ್ವಾ, ನಿಂಗೆ ಕಾಯಿಲೇನೇ ಇಲ್ವಂತೆ! ಮಾತ್ರೆ ಬೇಡವಂತೆ!" ಅಂತ ಕುಣಿಯುತ್ತಾ ಬಂದ.

"ಯಾರ ಬೆರಳು ಚುಚ್ಚಿದ್ರೋ?"

"ನಂದೇ. ನಿಂಗೆ ಸೂಜಿ ಅಂದ್ರೆ ಭಯ ಅಲ್ವೇನವ್ವ."

ತಿಪ್ಪವ್ವನಿಗೆ ಕೋಪವೂ ಬಂತು, ಕಣ್ಣಲ್ಲಿ ನೀರೂ ಬಂತು. "ಚುಚ್ಚಿಸ್ಬೇಕಾದ್ದು ನನ್ನ ಬೆರಳು ಕಣೋ, ನಿಂದಲ್ಲ!" ಅಂದಳು. ಆಗಲವ್ವ ಅಂದ.

ಮಾರನೇ ದಿನ ಶಿಬಿರದ ಕೊನೇ ದಿನ. ತಿಪ್ಪವ್ವ ಮಗನ ಹೆಗಲು ಹಿಡಿದು, ಹತ್ತು ಕಡೆ ಕೂತು ಎದ್ದು, ಶಾಲೆ ಮುಟ್ಟಿದಳು. ತಿಪ್ಪವ್ವನದು ನಿನ್ನೆಯೇ ಮುಗಿಯಿತು, ಆರೋಗ್ಯವಾಗಿದ್ದಾಳೆ ಅಂದ ಗುಮಾಸ್ತ, ತಲೆಯೆತ್ತದೆ. ಅವಳು ಎಷ್ಟು ಹೇಳಿದರೂ ಪಟ್ಟಿ ಹೇಳಿದ್ದೇ ಸರಿ ಅಂದ. ಉಳಿದವರನ್ನು ಕೂಗತೊಡಗಿದ.

"ಓಬಣ್ಣ!"

ಓಬಣ್ಣ ಮುಂದೆ ಹೋದ. ಗುಮಾಸ್ತ ತಲೆಯೆತ್ತದೆ ಬೆರಳು ಅಂದ ಕೂಡಲೇ ಅವ್ವನ ಕೈ ಎಳೆದು ಸೂಜಿಯ ಮುಂದೆ ಹಿಡಿದ.

ಶುಗರ್ ಮುನ್ನೂರ ನಲವತ್ತು. ಪಟ್ಟಿಯನ್ನಷ್ಟೇ ನೋಡಿ ಡಾಕ್ಟರು ಮೂವತ್ತೊಂದಕ್ಕೇ ಇಷ್ಟೊಂದೇ ಅಂತ ಮರುಗಿ, ಓಬಣ್ಣನ ಹೆಸರಿಗೆ ಮೂರು ತಿಂಗಳ ಮಾತ್ರೆ ಬರೆದು, ಅಲ್ಲೇ ಗಂಟು ಕಟ್ಟಿಸಿ ಕೊಟ್ಟರು.

ತಿಪ್ಪವ್ವ ಬೈಯಲು ಬಾಯಿ ತೆರೆದವಳು ಮಾತ್ರೆಯ ಗಂಟು ನೋಡಿದಳು. ಗಬಕ್ಕನೆ ಸೆರಗಿಗೆ ಕಟ್ಟಿಕೊಂಡಳು. ಈ ಒಂದು ಸಲ ಮಾತ್ರ ಮಗನಿಗೆ ಯಾವ ಬುದ್ಧಿಯನ್ನೂ ಹೇಳಲಿಲ್ಲ.